ದಾಸವಾಳಕ್ಕೆ ನೀರು, ಬೋಗನ್‌ವಿಲ್ಲಾಗೆ ಬಾಯಾರಿಕೆ

ನಮ್ಮ ತಾರಸಿಯಲ್ಲಿ ಎರಡು ಕುಂಡ ಅಕ್ಕಪಕ್ಕ ಇದ್ದವು. ಒಂದರಲ್ಲಿ ದಾಸವಾಳ, ಇನ್ನೊಂದರಲ್ಲಿ ಬೋಗನ್‌ವಿಲ್ಲಾ, ಅದೇ ಕಾಗದದ ಹೂ. ದಿನಾ ಬೆಳಿಗ್ಗೆ ಎರಡಕ್ಕೂ ಒಂದೊಂದು ಚೊಂಬು ನೀರು. ದಾಸವಾಳ ದೇವರಿಗೆ ನಾಲ್ಕು ಹೂ ಕೊಡುತ್ತಿತ್ತು. ಬೋಗನ್‌ವಿಲ್ಲಾದಲ್ಲಿ ಬರೀ ಎಲೆ, ಮುಳ್ಳು. ಒಂದು ಬೇಸಿಗೆಯಲ್ಲಿ ಮೂರು ವಾರ ಊರಿಗೆ ಹೋಗಿದ್ದೆವು. ಪಕ್ಕದ ಮನೆಯವರು ನಾಲ್ಕು ದಿನಕ್ಕೊಮ್ಮೆ ನೀರು ಹಾಕಿದ್ದರು. ಬಂದು ನೋಡಿದರೆ ದಾಸವಾಳ ಎಲೆ ಉದುರಿಸಿ ಸೊರಗಿತ್ತು, ಬೋಗನ್‌ವಿಲ್ಲಾದ ತುದಿಗಳಲ್ಲೆಲ್ಲ ಗುಲಾಬಿ ಬಣ್ಣ!

ಬಿಸಿಲು ಎರಡಕ್ಕೂ ಬೇಕು, ದಿನಕ್ಕೆ 5-6 ಗಂಟೆಯಾದರೂ. ವ್ಯತ್ಯಾಸ ಇರುವುದು ಬೇರಿನ ಹತ್ತಿರ.

ಮೊದಲು ಮಣ್ಣು

ದಾಸವಾಳಕ್ಕೆ 14 ಇಂಚಿನ ಕುಂಡ ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಬೋಗನ್‌ವಿಲ್ಲಾಗೆ 10-12 ಇಂಚು ಸಾಕು. ನಾರಿನ ಪುಡಿ ಬದಲು ಮರಳು ಹಾಕಿ, ಗೊಬ್ಬರ ಅರ್ಧಕ್ಕೆ ಇಳಿಸಿ. ಗೊಬ್ಬರ ಜಾಸ್ತಿಯಾದರೆ ಸೊಪ್ಪೇ ಬೆಳೆಯುತ್ತದೆ. ಇದರ ಬೇರು ತುಂಬಾ ನಾಜೂಕು. ನರ್ಸರಿ ಚೀಲವನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಕೂರಿಸಿ.

ನೀರು ಯಾವಾಗ?

ಬೆರಳೇ ಅಳತೆ. ದಾಸವಾಳದ ಮೇಲ್ಮಣ್ಣು ಒಂದು ಇಂಚು ಒಣಗಿತೆಂದರೆ, ಕೆಳಗಿನ ತೂತಿನಿಂದ ಹರಿಯುವವರೆಗೆ ನೀರು ಕೊಡಿ. ಏಪ್ರಿಲ್, ಮೇ ಬಿಸಿಲಿಗೆ ದಿನಕ್ಕೆ ಎರಡು ಸಲ ಬೇಕಾಗಬಹುದು. ತಪ್ಪಿದರೆ ಮೊಗ್ಗು ಉದುರುತ್ತದೆ.

ಬೋಗನ್‌ವಿಲ್ಲಾಗೆ ಎರಡು ಇಂಚು ಒಣಗಬೇಕು. ತುದಿಯ ಎಳೆ ಎಲೆಗಳು ಸ್ವಲ್ಪ ಜೋಲುವವರೆಗೆ ಕಾಯಿರಿ, ಆಮೇಲೆ ಹೊಟ್ಟೆ ತುಂಬ ಕುಡಿಸಿ. ದಿನಾ ಸುಮ್ನೆ ಒಂದಿಷ್ಟು ಚಿಮುಕಿಸಬೇಡಿ. ಬಣ್ಣ ಬಂದ ಮೇಲೆ ಮಾತ್ರ ಅಷ್ಟು ಒಣಗಿಸಬಾರದು, ಇಲ್ಲದಿದ್ದರೆ ಎಲ್ಲ ಉದುರಿಹೋಗುತ್ತದೆ.

ಒಂದು ಗೊಂಚಲು ಕೈಯಲ್ಲಿ ಹಿಡಿದು ನೋಡಿ. ಬಣ್ಣದ ಮೂರು ದಳ ಅಂದುಕೊಂಡಿದ್ದೇವಲ್ಲ, ಅವು ಎಲೆಗಳೇ. ನರಗಳೂ ಕಾಣುತ್ತವೆ. ನಡುವೆ ಸಣ್ಣ ಕೊಳವೆ, ಅದರ ತುದಿಯಲ್ಲಿ ಬೆಳ್ಳಗಿನ ನಕ್ಷತ್ರ: ಅದು ನಿಜವಾದ ಹೂ. ಅದಕ್ಕೇ ಈ ಬಣ್ಣ ವಾರಗಟ್ಟಲೆ ನಿಲ್ಲುತ್ತದೆ, ದಾಸವಾಳ ಸಾಮಾನ್ಯವಾಗಿ ಸಂಜೆಗೇ ಮುದುಡುತ್ತದೆ.

ಕತ್ತರಿ ಮತ್ತು ಹುಳು

ಎರಡೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ. ದಾಸವಾಳವನ್ನು ಮಳೆಗಾಲದ ಶುರುವಿನಲ್ಲಿ ಮೂರನೇ ಒಂದು ಭಾಗ ಕತ್ತರಿಸಿ. ಬೋಗನ್‌ವಿಲ್ಲಾವನ್ನು ಒಂದು ಸುತ್ತು ಬಣ್ಣ ಮುಗಿದ ಕೂಡಲೇ ಸವರಿ. ಕೈಗವಸು ಮರೆಯಬೇಡಿ. ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಎಸೆಯಬೇಡಿ, ಮಳೆಗಾಲದಲ್ಲಿ ನೆಟ್ಟರೆ ಬೇರು ಬಿಡುತ್ತವೆ.

ಹುಳದ ಕಾಟ ದಾಸವಾಳಕ್ಕೇ ಜಾಸ್ತಿ. ಮೊಗ್ಗಿನ ಬುಡದಲ್ಲಿ ಹತ್ತಿಯಂತೆ ಬಿಳಿ ಅಂಟು ಕಂಡರೆ ಅದು ಹಿಟ್ಟುತಿಗಣೆ. ಕಾಂಡದ ಮೇಲೆ ಇರುವೆ ಸಾಲು ಶುರುವಾದಾಗಲೇ ಹುಷಾರಾಗಿ. ತಿಗಣೆ ಸುರಿಸುವ ಸಿಹಿ ರಸಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ. ನೀರು ರಭಸವಾಗಿ ಚಿಮ್ಮಿಸಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂ.ಎಲ್. ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ಸಲ.

ಈಗ ನಮ್ಮ ತಾರಸಿಯಲ್ಲಿ ದಾಸವಾಳ ನಲ್ಲಿಯ ಪಕ್ಕದಲ್ಲಿದೆ. ಬೋಗನ್‌ವಿಲ್ಲಾವನ್ನು ಪೈಪು ಮುಟ್ಟದ ಆಚೆ ಮೂಲೆಗೆ ಇಟ್ಟಿದ್ದೇನೆ.