ಲೆನಾ ನದಿಯ ನಕ್ಷೆ ನಾನು ಬಿಡಿಸಿದ್ದು ಹೀಗೆ

ಸೈಬೀರಿಯಾದ ಲೆನಾ ನದಿಯ ನಕ್ಷೆಯನ್ನು ಕ್ಯೂಜಿಐಎಸ್ ಅನ್ನೋ ನಕ್ಷೆ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ನಾನೇ ಬಿಡಿಸಬೇಕು ಅಂತ ಕೂತೆ. ನೆಲದ ಎತ್ತರದ ಡೇಟಾ ಕೊಟ್ಟರೆ ಸಾಕು, ನೀರು ಯಾವ ಕಡೆ ಇಳಿಯುತ್ತದೆ ಅಂತ ಸಾಫ್ಟ್‌ವೇರೇ ಲೆಕ್ಕ ಹಾಕಿ ಗೆರೆ ಎಳೆಯುತ್ತದೆ.

ಕೈಗೆ ಸಿಕ್ಕಿದ್ದು ಎಸ್‌ಆರ್‌ಟಿಎಂ ಅನ್ನೋ ಎತ್ತರದ ಡೇಟಾ. ಅದನ್ನೇ ಹಾಕಿದೆ. ವಿಟಿಮ್ ಉಪನದಿ ಬಂದು ಸೇರಿದ ಸ್ವಲ್ಪ ಮುಂದೆ ಗೆರೆ ಕತ್ತರಿಸಿದ ಹಾಗೆ ನಿಂತುಹೋಯಿತು. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ಮಾಡಿದ ಆ ಅಳತೆ ಉತ್ತರದಲ್ಲಿ 60 ಡಿಗ್ರಿ ಅಕ್ಷಾಂಶಕ್ಕೇ ಮುಗಿಯುತ್ತದೆ. ಲೆನಾ 72 ಡಿಗ್ರಿ ದಾಟುವ ನದಿ. ನೆಲವನ್ನು ಸುಮಾರು 90 ಮೀಟರ್ ಚೌಕಗಳಾಗಿ ಭಾಗ ಮಾಡಿ ಎತ್ತರ ಕೊಡುವ, ಯುರೋಪಿನ ಕೋಪರ್ನಿಕಸ್ ಯೋಜನೆಯ ಡೇಟಾ ಇಳಿಸಿಕೊಂಡು ಮತ್ತೆ ಶುರು ಮಾಡಿದೆ.

ನದಿ ಹುಟ್ಟುವ ಜಾಗ ಬಂದಾಗ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತುಬಿಟ್ಟೆ. ಬೈಕಲ್ ಸರೋವರದಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಬೆಟ್ಟದಲ್ಲಿ ಲೆನಾ ಹುಟ್ಟುತ್ತದೆ. ಆದರೂ ಅದರ ಒಂದು ಹನಿಯೂ ಬೈಕಲ್ ಸೇರುವುದಿಲ್ಲ! ಬೆಟ್ಟದ ನೆತ್ತಿಯಿಂದ ಪೂರ್ವಕ್ಕೆ ಬಿದ್ದ ಮಳೆ ಬೈಕಲ್‌ಗೆ ಇಳಿದು, ಅಂಗಾರಾ, ಯೆನಿಸೇ ನದಿಗಳ ದಾರಿ ಹಿಡಿದು ಕಾರಾ ಸಮುದ್ರ ಸೇರುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಲೆನಾ ಜೊತೆ ಸುಮಾರು 4,400 ಕಿ.ಮೀ. ಹರಿದು ಲಾಪ್ಟೆವ್ ಸಮುದ್ರಕ್ಕೆ ಹೋಗುತ್ತದೆ. ಆ ನೆತ್ತಿಯ ಗೆರೆಯನ್ನು ಕೆಂಪು ಬಣ್ಣದಲ್ಲಿ ದಪ್ಪಗೆ ಎಳೆದೆ.

ಜಾಸ್ತಿ ಸಮಯ ತಿಂದದ್ದು ಸಮುದ್ರ ಸೇರುವ ತುದಿ. ಅಲ್ಲಿ ನದಿ ನೂರಾರು ಕವಲಾಗಿ ಒಡೆಯುತ್ತದೆ. ಸಾಫ್ಟ್‌ವೇರ್ ಮಾತ್ರ ಒಂದೇ ಗೆರೆ ಎಳೆದಿತ್ತು. ಕಾರಣ ಸರಳ: ನಾನು ಬಳಸಿದ ಲೆಕ್ಕದಲ್ಲಿ ಪ್ರತಿ ಚೌಕದ ನೀರು ಪಕ್ಕದ ಒಂದೇ ಚೌಕಕ್ಕೆ ಹೋಗಬೇಕು. ಎರಡಾಗಿ ಕವಲೊಡೆಯೋದು ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ಸೆಂಟಿನೆಲ್ ಉಪಗ್ರಹದ ಆಗಸ್ಟ್ ಚಿತ್ರ ಕೆಳಗಿಟ್ಟುಕೊಂಡು, ಸ್ಟೋಲ್ಬ್ ದ್ವೀಪದಿಂದ ಶುರುಮಾಡಿ ಬಿಕೋವ್ಸ್ಕಯಾ, ಟ್ರೋಫಿಮೋವ್ಸ್ಕಯಾ, ಒಲೆನ್ಯೋಕ್ಸ್ಕಯಾ ಕವಲುಗಳನ್ನು ಕೈಯಲ್ಲೇ ತಿದ್ದಿದೆ.

ಆಗಸ್ಟ್ ಚಿತ್ರವೇ ಯಾಕೆ ಅಂದರೆ, ಮೇ ಕೊನೆಯ ಚಿತ್ರದಲ್ಲಿ ಕವಲುಗಳ ಮೇಲೆ ಇನ್ನೂ ಹಿಮಗಡ್ಡೆ. ಅದೇ ಹೊತ್ತಿಗೆ ಇನ್ನೂ ದಕ್ಷಿಣಕ್ಕಿರುವ ಯಾಕುಟ್ಸ್ಕ್ ನಗರದ ಹತ್ತಿರ ಗಡ್ಡೆ ಕರಗಿ, ಚಿತ್ರದಲ್ಲಿ ನೀರು ಕಪ್ಪಗೆ ಕಾಣುತ್ತಾ ಹರಿಯುತ್ತಿರುತ್ತದೆ. ನದಿ ಉತ್ತರಕ್ಕೆ ಹರಿಯುತ್ತದಲ್ವಾ, ಹುಟ್ಟುವ ಕಡೆಯ ದಕ್ಷಿಣ ಭಾಗ ಮೊದಲು ಕರಗುತ್ತದೆ. ಒಡೆದ ಗಡ್ಡೆಗಳು ತೇಲಿಬಂದು, ಮುಂದೆ ಇನ್ನೂ ಕರಗದ ಕಡೆ ಸಿಕ್ಕಿಕೊಂಡರೆ ಅಣೆಕಟ್ಟು ಕಟ್ಟಿದ ಹಾಗೆ. ಹಿಂದಿನ ನೀರು ಊರಿಗೇ ನುಗ್ಗುತ್ತದೆ. 2001ರ ಮೇ ತಿಂಗಳಲ್ಲಿ ಲೆನ್ಸ್ಕ್ ಪಟ್ಟಣ ಮುಳುಗಿದ್ದು ಹೀಗೆಯೇ. ನಕ್ಷೆಯಲ್ಲಿ ಆ ಊರಿನ ಚುಕ್ಕೆ ಪಕ್ಕ ಇಸವಿಯನ್ನೂ ಬರೆದಿಟ್ಟಿದ್ದೇನೆ.