ಪೋರ್ಚುಗೀಸ್ ಹಸ್ತಪ್ರತಿಗಳ ಸಂಕ್ಷೇಪಗಳನ್ನು ನಾನು ಬಿಡಿಸುವ ಬಗೆ

ಹೊನ್ನಾವರ, ಬಸರೂರು ಬಂದರುಗಳ 17ನೆಯ ಶತಮಾನದ ವ್ಯವಹಾರವನ್ನು ತಿಳಿಯಲು ಗೋವಾದ ಪತ್ರಾಗಾರದಲ್ಲಿರುವ ಪೋರ್ಚುಗೀಸ್ ಪತ್ರಗಳನ್ನು ಓದುವಾಗ, ಭಾಷೆಗಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಲಿಪಿಕಾರರು ಪದಗಳನ್ನು ಮೊಟಕುಗೊಳಿಸುತ್ತಿದ್ದ ರೀತಿ.

ಪದದ ಆರಂಭವನ್ನಷ್ಟೇ ಸಾಲಿನಲ್ಲಿ ಬರೆದು, ಕೊನೆಯ ಒಂದೆರಡು ಅಕ್ಷರಗಳನ್ನು ಚಿಕ್ಕದಾಗಿ ಮೇಲಕ್ಕೇರಿಸುವುದು ಅವರ ಸಾಮಾನ್ಯ ಪದ್ಧತಿಯಾದ್ದರಿಂದ, ನಾನು ಮೊದಲು ಪದದ ಬಾಲವನ್ನೇ ನೋಡುತ್ತೇನೆ. ‘ಡಿ’ ಅಕ್ಷರದ ಮೇಲೆ ‘ಒ’ ಇದ್ದರೆ ಅದು ‘ದೀತು’, ಅಂದರೆ ‘ಮೇಲೆ ಹೇಳಿದ’ ಎಂಬುದರ ಪುಲ್ಲಿಂಗ ರೂಪ. ‘ಎ’ ಇದ್ದರೆ ಸ್ತ್ರೀಲಿಂಗ ರೂಪ. ಹೀಗೆ ಪುಟ್ಟ ಅಕ್ಷರವೊಂದೇ, ಮುಂದಿನ ಪದದ ಲಿಂಗವನ್ನು ತೋರಿಸಿ, ಮಾತು ಹಡಗಿನದೋ ಕೋಟೆಯದೋ ಎಂಬುದನ್ನು ತೀರ್ಮಾನಿಸಬಲ್ಲದು. ಸ್ವರದ ಮೇಲಿನ ಅಲೆಗೆರೆ ಬಿಟ್ಟುಹೋದ ‘ಎಮ್’ ಅಥವಾ ‘ಎನ್’ ಅನ್ನು ಸೂಚಿಸುತ್ತದೆ. ‘ಜೆಡ್’ನಿಂದ ಮುಗಿಯುವ ಮೊಟಕು ಹೆಸರುಗಳು ಬಹುಮಟ್ಟಿಗೆ ಫೆರ್ನಾಂಡಿಸ್, ರೊಡ್ರಿಗಸ್‌ನಂಥ ಕುಲನಾಮಗಳು.

ಹೆಚ್ಚು ಎಚ್ಚರ ಬೇಕಾಗುವುದು ತಿಂಗಳುಗಳಲ್ಲಿ. 7ರ ಮುಂದೆ ‘ಬ್ರೊ’ ಎಂದಿದ್ದರೆ ಅದು ಏಳನೆಯ ತಿಂಗಳಾದ ಜುಲೈ ಅಲ್ಲ, ಸೆಪ್ಟೆಂಬರ್. ಹಳೆಯ ರೋಮನ್ ಎಣಿಕೆಯಲ್ಲಿ ಅದು ಏಳನೆಯದಾಗಿತ್ತು. 8, 9 ಕ್ರಮವಾಗಿ ಅಕ್ಟೋಬರ್, ನವೆಂಬರ್. ‘ಎಕ್ಸ್’ ಅಕ್ಷರ ರೋಮನ್ ಹತ್ತಾಗಿ ಡಿಸೆಂಬರ್. ಸಂಶಯ ಬಂದಾಗ ನಮ್ಮ ಕರಾವಳಿಯ ಮಳೆಗಾಲವೇ ಸಾಕ್ಷಿಗೆ ಬರುತ್ತದೆ: ಬಂದರುಗಳು ಮುಚ್ಚಿರುತ್ತಿದ್ದ ಜುಲೈಯಲ್ಲಿ ಬಸರೂರಿನಿಂದ ಅಕ್ಕಿಯ ಹಡಗು ಗೋವಾಕ್ಕೆ ಹೊರಡುವುದು ಸಂಭವನೀಯವಲ್ಲ. ಅದೇ ‘ಎಕ್ಸ್’ ಕ್ರಿಸ್ತನ ಹೆಸರಿನ ಮೊದಲಿಗೆ ಬಂದಾಗ ಗ್ರೀಕ್ ‘ಖಿ’, ಲೆಕ್ಕಪತ್ರದಲ್ಲಿ ಬಂದಾಗ ಗೋವಾದ ನಾಣ್ಯವಾದ ಶೆರಾಫಿಂ. ಆದ್ದರಿಂದ ಸಂದರ್ಭವನ್ನು ನೋಡದೆ ಪಟ್ಟಿಯೊಂದನ್ನೇ ನೆಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಅಂಕಿಗಳ ನಡುವೆ ‘ಯು’ ಆಕಾರದ ಗುರುತು ಕಂಡರೆ ಅದು ಸಾವಿರದ ಸೂಚನೆ. ಅದನ್ನು ಸೊನ್ನೆಯೆಂದು ಓದಿದರೆ 4,500 ರೇಯಿಸ್ (ಪೋರ್ಚುಗೀಸ್ ಹಣ) 40,500 ಆಗಿಬಿಡುತ್ತದೆ. ಹಾಗಾಗಿ ಪುಟದ ಕೊನೆಯ ಒಟ್ಟು ಮೊತ್ತವನ್ನು ಕೂಡಿ ನೋಡದೆ ಮುಂದೆ ಹೋಗುವುದಿಲ್ಲ.

ಪ್ರತಿ ಮಾಡುವಾಗ ನಾನು ತುಂಬಿದ ಅಕ್ಷರಗಳನ್ನೆಲ್ಲ ಓರೆಯಾಗಿ ಬರೆಯುತ್ತೇನೆ. ‘ವಿ’, ‘ಎಮ್’ ಎಂಬೆರಡೇ ಅಕ್ಷರಗಳು ದೊರೆಗೆ ಸಲ್ಲುವ ಗೌರವ ಸಂಬೋಧನೆಯಾದ ‘ವೊಸ್ಸ ಮಜೆಸ್ತಾದೆ’ಯೂ ಆಗಬಹುದು, ಇತರರಿಗೆ ಸಲ್ಲುವ ‘ವೊಸ್ಸ ಮೆರ್ಸೆ’ಯೂ ಆಗಬಹುದು, ಪತ್ರ ಯಾರಿಗೆ ಬರೆದದ್ದೆಂದು ಗೊತ್ತಾಗುವವರೆಗೆ ಅವನ್ನು ಬಿಡಿಸದೆ ಹಾಗೆಯೇ ಉಳಿಸುತ್ತೇನೆ.