ಮಂಚ ಹಿಡಿದವ್ರನ್ನ ಎಬ್ಬಿಸಿ ನಡೆಸೋದು ಹೆಂಗ? ಬಾಹ್ಯಾಕಾಶಕ್ಕ ಹೋಗಿ ಬಂದವ್ರಿಂದ ಕಲಿಯೋದದ

2025ರ ಏಪ್ರಿಲ್‌ದಾಗ ನಮ್ಮ ಅಪ್ಪಗ ಟೈಫಾಯ್ಡ್ ಆಗಿ ಮೂರು ವಾರ ಮಂಚ ಬಿಟ್ಟು ಇಳೀಲಿಲ್ಲ. ಜ್ವರ ಬಿಡ್ತು, ಊಟ ಸೇರ್ಲಾಕ ಹತ್ತಿತು, ಆರಾಮ ಆದ್ರು ಅಂತ ಮನ್ಯಾಗ ಎಲ್ಲಾರೂ ನಿರಾಳ ಆದ್ವಿ. ಒಂದಿನ ನಸುಕಿನಾಗ ಯಾರನ್ನೂ ಎಬ್ಬಿಸದೇ ತಾವೇ ಎದ್ದು ಬಚ್ಚಲಕ್ಕ ಹೊಂಟವ್ರು ನಾಕು ಹೆಜ್ಜಿಗೆ ಬಾಗಿಲ ಚೌಕಟ್ಟು ಹಿಡ್ಕೊಂಡ್ರು, ಹಿಡ್ಕೊಂಡ ಕೈ ಮೆಲ್ಲಕ ಜಾರ್ತಾ ಕೆಳಗ ಬಂತು, ಹಂಗೇ ಹೊಸ್ತಿಲ ಮ್ಯಾಲ ಕುಸಿದು ಕುಂತ್ರು. ಮುಖ ಬಿಳಚಿತ್ತು, ಹಣಿ ತುಂಬ ತಣ್ಣನ ಬೆವರು. ಮಲಗಿಸಿ ಕಾಲು ಎರಡು ದಿಂಬಿನ ಮ್ಯಾಲ ಎತ್ತಿ ಇಟ್ಟ ಮ್ಯಾಲ ಕಣ್ಣು ಬಿಟ್ಟು "ಏನಾತೋ" ಅಂದ್ರು. ದವಾಖಾನಿ ಚೀಟ್ಯಾಗ ಗುಳಿಗಿ ಹೆಸರೆಲ್ಲಾ ಇದ್ವು, ಪೂರ್ತಿ ರೆಸ್ಟ್ ಅಂತನೂ ಬರದಿತ್ತು, ಆದ್ರ ಆ ರೆಸ್ಟ್ ಮುಗಿಸಿ ಏಳೋದು ಹೆಂಗ ಅಂತ ಯಾರೂ ಒಂದು ಮಾತು ಹೇಳಿರ್ಲಿಲ್ಲ. ಅದಕ್ಕೇ ಇದನ್ನ ಬರೀಲಾಕತ್ತೀನಿ.

ಎರಡು ತಿಂಗಳು ಬಿಟ್ಟು, ಜೂನ್ 25ಕ್ಕ ಶುಭಾಂಶು ಶುಕ್ಲಾ ಬಾಹ್ಯಾಕಾಶಕ್ಕ ಹೋದ್ರು, ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವ್ರು ಕೊಟ್ಟಿದ್ದ ಹೆಸರುಕಾಳು ಮೆಂತ್ಯಕಾಳು ಅಲ್ಲಿ ಮೊಳಕಿ ಬರಿಸಿದ್ರು, ಜುಲೈ 15ಕ್ಕ ವಾಪಸ್ ಬಂದ್ರು. ಬರೇ 20 ದಿನ, ಅದೂ ಗಟ್ಟಿಮುಟ್ಟಾದ ವಾಯುಪಡೆ ಪೈಲಟ್. ಆದ್ರೂ ಬಾಹ್ಯಾಕಾಶ ನೌಕಿಯಿಂದ ಹೊರಗ ಬರೋವಾಗ ಮಗ್ಗಲಿಗೆ ಮಂದಿ ನಿಂತು ಹಿಡ್ಕೊಂಡಿದ್ರು. ಟಿವ್ಯಾಗ ಅದನ್ನ ನೋಡಿದಾಗ ನಂಗ ಅಪ್ಪನ ಆ ಜಾರಿದ ಕೈನೇ ನೆನಪಾತು.

ಎರಡಕ್ಕೂ ಕಾರಣ ಒಂದೇ ಅದ. ನಾವು ನಿಂತಾಗ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಕಾಲು ಹೊಟ್ಟಿ ಕಡೆ ಇಳೀತದ. ಕುತ್ತಿಗಿ ರಕ್ತನಾಳದಾಗ, ಹೃದಯದ ಮ್ಯಾಲಿನ ದೊಡ್ಡ ರಕ್ತನಾಳದಾಗ ಒತ್ತಡ ಅಳೆಯೋ ಸಣ್ಣ ಸೆನ್ಸಾರ್ ಇರ್ತಾವ, ಅವು ಕೂಡ್ಲೇ ಹೃದಯಕ್ಕ ಜೋರು ಬಡಿ ಅಂತ, ಕಾಲಿನ ನಾಳಕ್ಕ ಬಿಗಿ ಆಗು ಅಂತ ಸುದ್ದಿ ಮುಟ್ಟಿಸ್ತಾವ. ದಿನಾ ನೂರು ಸಲ ಎದ್ದು ಕುಂತು ಮಾಡ್ತೀವಲ್ಲ, ಆವಾಗೆಲ್ಲಾ ಇದು ನಡೀತದ, ನಮಗ ಗೊತ್ತೇ ಆಗಲ್ಲ. ಬಾಹ್ಯಾಕಾಶದಾಗ ಈ ಕೆಲಸನೇ ಇಲ್ಲ. ಅಲ್ಲಿ ಗುರುತ್ವ ಇಲ್ಲ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಲ್ಲ. ಗಗನಯಾತ್ರಿಗಳು ಇರೋ ಬಾಹ್ಯಾಕಾಶ ನಿಲ್ದಾಣ ಸುತ್ತೋ 400 ಕಿಲೋಮೀಟರ್ ಮ್ಯಾಲ ಗುರುತ್ವ ಇಲ್ಲಿದ್ದದ್ರ ಹತ್ರಹತ್ರ 90 ಪರ್ಸೆಂಟ್ ಅದ, ಆದ್ರ ನಿಲ್ದಾಣ ತಾಸಿಗೆ 28,000 ಕಿಲೋಮೀಟರ್ ಸ್ಪೀಡಿನಾಗ ಭೂಮಿ ಸುತ್ತ ಬೀಳ್ತಾನೇ ಇರ್ತದ, ಒಳಗಿದ್ದವ್ರೂ ಜೋಡಿ ಬೀಳ್ತಾರ, ಅದಕ್ಕ ತೂಕ ಗೊತ್ತಾಗಲ್ಲ. ಹಂಗಾಗಿ ಕಾಲಿನಿಂದ ಸುಮಾರು 2 ಲೀಟರ್ ನೀರಿನಂಶ ಎದಿ ತಲಿ ಕಡೆ ಏರ್ತದ, ಮುಖ ಊದ್ತದ, ಕಾಲು ಕೊಕ್ಕರಿ ಕಾಲಿನಂಗ ಸಣ್ಣ ಆಗ್ತಾವ. ಮ್ಯಾಲ ಇಷ್ಟು ತುಂಬಿದ್ದು ನೋಡಿ ಮೈ ಏನು ತಿಳ್ಕೋತದ ಅಂದ್ರ ರಕ್ತ ಹೆಚ್ಚಾಗ್ಯದ ಅಂತ, ಕಡಿಮಿ ಮಾಡ್ಕೊಂತ ಹೋಗ್ತದ. ಸ್ವಲ್ಪೇ ದಿನದಾಗ ರಕ್ತದ ನೀರಿನ ಭಾಗ 10-15 ಪರ್ಸೆಂಟ್ ಇಳೀತದ. ಹೃದಯನೂ ಸ್ನಾಯುನೇ ನೋಡ್ರಿ, ಏರಿಸೋ ಭಾರ ಇಲ್ಲಂದ್ರ ತೋಳಿನಂಗ ಅದೂ ಸೊರಗ್ತದ. ಅಮೆರಿಕದ ಸ್ಕಾಟ್ ಕೆಲ್ಲಿ 340 ದಿನ ಇದ್ದು ವಾರದಾಗ ಆರು ದಿನ ವ್ಯಾಯಾಮ ಮಾಡಿದ್ರೂ ಅವ್ರ ಹೃದಯದಾಗ ರಕ್ತ ಮೈಗೆಲ್ಲಾ ಒತ್ತೋ ಎಡಗಡಿ ಕೋಣಿ ತೂಕ ಇಳಿದಿತ್ತು.

ಮಂಚದ ಮ್ಯಾಲ ಮಲಗಿದ್ರೂ ಇದೇ ಆಗ್ತದ. ವಿಜ್ಞಾನಿಗಳು ತೂಕ ಇಲ್ಲದ ಸ್ಥಿತಿ ನೆಲದ ಮ್ಯಾಲೇ ತರ್ಬೇಕಂದ್ರ ಮಂದಿನ್ನ ತಲಿ 6 ಡಿಗ್ರಿ ಕೆಳಗಿರೋ ಮಂಚದಾಗ ಮಲಗಿಸ್ತಾರ, ಜರ್ಮನಿಯ ಕಲೋನ್‌ದಾಗ 60 ದಿನ ಮಲಗಿಸಿದ್ದೂ ಅದ. ನನ್ನ ನಿದ್ದಿ ಕೆಡಿಸಿದ್ದು ಮಾತ್ರ 1966ರಾಗ ಅಮೆರಿಕದ ಡಲ್ಲಾಸ್‌ದಾಗ ನಡೆದ ಪ್ರಯೋಗ. ಐದು ಜನ ಹುಡುಗ್ರು, ಎಲ್ಲಾರೂ 20ರ ಹತ್ರದವ್ರು, ಮೂರು ವಾರ ಮಲಗಿದ್ರು, ಅಷ್ಟರಾಗ ಅವ್ರ ದಮ್ಮು, ಅಂದ್ರ ಜೋರು ಕೆಲಸ ತಾಳೋ ತಾಕತ್ತು, ಕಾಲು ಭಾಗಕ್ಕಿಂತ ಜಾಸ್ತಿ ಹೋಗಿತ್ತು. 30 ವರ್ಷ ಬಿಟ್ಟು ಅವ್ರನ್ನೇ ಮತ್ತ ಪರೀಕ್ಷೆ ಮಾಡಿದ್ರ, 30 ವರ್ಷದ ವಯಸ್ಸು ಕಳೆದದ್ದಕ್ಕಿಂತ ಆ ಮೂರು ವಾರದ ಮಂಚ ಕಳೆದದ್ದೇ ಜಾಸ್ತಿ ಇತ್ತು. 20ರ ಹುಡುಗ್ರಿಗೇ ಹಿಂಗಾದ್ರ 68ರ ಅಪ್ಪಗ ಏನಾಗಬ್ಯಾಡ?

ಈಗ ಮಾಡೋದು ಹೇಳ್ತೀನಿ. ಎದಿನೋವು, ಹಾರ್ಟ್ ಅಟ್ಯಾಕ್, ಎಲುಬು ಮುರಿದದ್ದು, ಆಪರೇಷನ್ ಆದದ್ದು ಇದ್ರ ಡಾಕ್ಟ್ರಿಗೆ ಕೇಳದೇ ಯಾವುದೂ ಶುರು ಮಾಡಬ್ಯಾಡ್ರಿ.

ಮೊದಲು ಮಲಗಿದಲ್ಲೇ ಕಾಲಿನ ಕೆಲಸ. ಪಾದ ಮುಂದ ಚಾಚೋದು, ಹಿಂದ ಎಳ್ಕೊಳ್ಳೋದು, ಎಚ್ಚರ ಇರೋ ತನಕ ತಾಸಿಗೊಮ್ಮೆ 15-20 ಸಲ. ಮೀನಖಂಡಕ್ಕ ಎರಡನೇ ಹೃದಯ ಅಂತಾರ, ಅದು ಬಿಗಿಯಾದಾಗೆಲ್ಲಾ ಕಾಲಾಗಿನ ರಕ್ತ ಮ್ಯಾಲ ಒತ್ತತದ. ಅಪ್ಪನ ಧೋತ್ರ ಸರಿಸಿ ಮೀನಖಂಡ ಹಿಡಿದು ನೋಡಿದ್ದೆ, ಮೊದಲು ಹೊಲದಾಗ ಅಡ್ಡಾಡಿ ಗಟ್ಟಿ ಇದ್ದದ್ದು ನನ್ನ ಮುಷ್ಟ್ಯಾಗ ನೀರು ತುಂಬಿದ ಚೀಲದಂಗ ಅಲ್ಲಾಡ್ತಿತ್ತು. ಬೀದರ್ ಮಂದಿಗೆ ಇದು ಲಗೂ ತಿಳೀತದ. ನಿಮ್ಮ ತಲಿ ಮ್ಯಾಲ ವಾಯುಪಡೆಯ ಹಾಕ್ ತರಬೇತಿ ವಿಮಾನ ಹಾರ್ತಾವಲ್ಲ, ಆಕಾಶದಾಗ ಕಸರತ್ತು ತೋರಿಸೋ ಸೂರ್ಯಕಿರಣ್ ತಂಡದವ್ರೂ ಅಲ್ಲೇ ಇರ್ತಾರ, ಅವ್ರು ಗರ್ರನ ತಿರುಗಿಸೋವಾಗ ಬಾಹ್ಯಾಕಾಶದ ಉಲ್ಟಾ ಆಗ್ತದ, ಮೈ ತೂಕ ನಾಕೈದು ಪಟ್ಟು ಏರಿ ರಕ್ತ ಕಾಲಿನ ಕಡೆ ಇಳಿದು ಕಣ್ಣು ಕತ್ತಲಿ ಬರ್ತದ. ಆವಾಗ ಪೈಲಟ್‌ಗಳು ಮಾಡೋದೇನು? ಕಾಲು ತೊಡಿ ಹೊಟ್ಟಿ ಗಟ್ಟಿ ಬಿಗಿ ಹಿಡೀತಾರ. ಅದೇ ಕೆಲಸ ಮಂಚದ ಮ್ಯಾಲ ಸಣ್ಣಗ ಮಾಡಿಸಬೇಕು.

ಆಮ್ಯಾಲ ಹಗಲೊತ್ತು ಬೆನ್ನಿಗೆ ದಿಂಬು ಕೊಟ್ಟು ಕುಂದರಿಸ್ರಿ, ಊಟ ಕುಂತೇ ಆಗ್ಲಿ. ಮುಂದ ಕಾಲು ಇಳಿಬಿಟ್ಟು ಮಂಚದ ತುದಿಗೆ ಎರಡು ಮೂರು ನಿಮಿಷ.

ನೀರಿನ ಮಾತು ಇಲ್ಲೇ ಹೇಳ್ಬೇಕು. ಗಗನಯಾತ್ರಿಗಳು ಭೂಮಿಗೆ ಇಳಿಯೋ ಮುಂಚೆ ಉಪ್ಪಿನ ಗುಳಿಗಿ ಜೋಡಿ ಸುಮಾರು ಒಂದು ಲೀಟರ್ ನೀರು ಕುಡೀತಾರ, ಕಡಿಮಿ ಆದ ರಕ್ತ ಸ್ವಲ್ಪರ ತುಂಬಲಿ ಅಂತ. ನಮ್ಮ ಕಲಬುರಗಿ ಯಾದಗಿರಿ ಬಿಸಿಲು 42 ಡಿಗ್ರಿ ದಾಟೋವಾಗ ಮಲಗಿದವ್ರ ಮೈಯಾಗಿನ ನೀರು ಬೆವರಿನಾಗೇ ಹೋಗ್ತದ, ಏಳೋಕಿಂತ ಮುಂಚೆ ಒಂದು ದೊಡ್ಡ ಗ್ಲಾಸ್ ನೀರೋ ಮಜ್ಜಿಗಿನೋ ಕೊಡ್ರಿ. ಬಿಪಿ, ಕಿಡ್ನಿ, ಹೃದಯದ ತ್ರಾಸ ಇದ್ದವ್ರಿಗೆ ಉಪ್ಪು ಹೆಚ್ಚು ಮಾಡೋದಾಗ್ಲಿ ನೀರು ಹೆಚ್ಚು ಮಾಡೋದಾಗ್ಲಿ ಡಾಕ್ಟ್ರು ಹೇಳಿದಷ್ಟೇ.

ನಿಲ್ಲಿಸೋ ದಿನ ಮನ್ಯಾಗ ಬಿಪಿ ಮಷೀನ್ ಇದ್ರ ಭಾಳ ಛಲೋ. ಐದು ನಿಮಿಷ ಮಲಗಿದ ಮ್ಯಾಲ ಒಮ್ಮೆ, ನಿಂತು ಒಂದು ನಿಮಿಷಕ್ಕ ಒಮ್ಮೆ, ಮೂರು ನಿಮಿಷಕ್ಕ ಒಮ್ಮೆ ನೋಡ್ರಿ. ಮ್ಯಾಲಿನ ನಂಬರ್ 20 ಅಥವಾ ಕೆಳಗಿಂದು 10 ಇಳೀತಂದ್ರ ಕುಂದರಿಸಿ ಡಾಕ್ಟ್ರಿಗೆ ಫೋನ್ ಮಾಡ್ರಿ, ಬಿಪಿ ಗುಳಿಗಿ ಡೋಸ್ ಬದಲು ಮಾಡಬೇಕಾಗಬಹುದು. ಹಿಡ್ಕೊಳ್ಳೋರು ಒಬ್ಬರು ಮಗ್ಗಲಾಗೇ ಇರ್ಲಿ. ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸೋದು ಹತ್ತು ಸಲ, ಆಮ್ಯಾಲೇ ಮೊದಲ ಹೆಜ್ಜಿ. ರಾತ್ರಿ ಒಬ್ಬರೇ ಏಳೋದು ಬ್ಯಾಡೇ ಬ್ಯಾಡ.

ಅಲ್ಲಿಂದ ಮುಂದ ಕುರ್ಚಿ. ಕೈ ಊರದೇ ಕುಂತು ಏಳೋದು, ಐದರಿಂದ ಶುರು. ನಿಲ್ದಾಣದಾಗ ಅವ್ರು ದಿನಾ ಸುಮಾರು ಎರಡು ತಾಸು ವ್ಯಾಯಾಮ ಮಾಡ್ತಾರ, ಹೆಗಲಿಗೆ ಸೊಂಟಕ್ಕ ಪಟ್ಟಿ ಕಟ್ಕೊಂಡು ರಬ್ಬರ್ ಎಳೆತದಾಗ ಟ್ರೆಡ್‌ಮಿಲ್ ಮ್ಯಾಲ ಓಡ್ತಾರ, ಯಾಕಂದ್ರ ಎಳೆಯೋದೊಂದು ಇಲ್ದಿದ್ರ ಕಾಲಿಗೆ ಭಾರನೇ ಬೀಳಲ್ಲ. ನಮಗ ಆ ಪಟ್ಟಿ ಬ್ಯಾಡ, ಭೂಮಿನೇ ಎಳೀತದ, ಎದ್ದು ನಿಂತ್ರ ಸಾಕು. ನಡಿಯೋವಾಗ ಮಾತಾಡ್ಲಾಕ ಬರಬೇಕು, ದಮ್ಮು ಹತ್ತಿ ಮಾತು ತುಂಡಾದ್ರ ಜೋರಾತು ಅಂತ ತಿಳ್ಕೋರಿ. ಒಂದೇ ಕಾಲಿನ ಮೀನಖಂಡ ಊದಿ ನೋವಾದ್ರ, ಎದಿ ಹಿಡಿದಂಗಾದ್ರ, ಏಕ್‌ದಮ್ ಉಸಿರು ಸಿಗದಂಗಾದ್ರ ಮಸಾಜ್ ಗಿಸಾಜ್ ಮಾಡ್ಲಾಕ ಹೋಗಬ್ಯಾಡ್ರಿ, ರಕ್ತ ಹೆಪ್ಪುಗಟ್ಟಿರಬಹುದು, ಸೀದಾ ದವಾಖಾನಿಗೆ.

ಅಪ್ಪ ಮೊದಲ ವಾರ ಮಂಚದಿಂದ ತುಳಸಿಕಟ್ಟಿ ತನಕ, ಎರಡನೇ ವಾರ ಓಣಿ ತುದಿಗಿನ ಕಿರಾಣಿ ಅಂಗಡಿ ತನಕ. ಡಲ್ಲಾಸಿನ ಹುಡುಗ್ರು ಎಂಟು ವಾರದ ಟ್ರೇನಿಂಗಿನಾಗ ಕಳ್ಕೊಂಡದ್ದು ವಾಪಸ್ ಗಳಿಸಿದ್ರು, ಅಪ್ಪಗ ಅದಕ್ಕಿಂತ ಜಾಸ್ತಿನೇ ಹಿಡೀತು. ಅಪ್ಪ ಕಲಬುರಗಿಯ 'ಅಪ್ಪನ ಕೆರಿ' ಅನ್ನೋ ಕೆರಿ ದಂಡಿ ಮ್ಯಾಲ ಒಂದು ಸುತ್ತು ಹಾಕಿದ್ದು ಶ್ರಾವಣ ಮುಗಿದ ಮ್ಯಾಲ, ನಡುವ ಎರಡು ಸಲ ಕುಂತು, ಕುಂತಾಗೂ ಚಪ್ಪಲಿ ಬಿಟ್ಟು ಪಾದ ಹಿಂದ ಮುಂದ ಆಡಿಸ್ತಾನೇ ಇದ್ರು.